ಇಪ್ಪತ್ತಮೂರನೆಯ ನಂಬರಿನ ಹಾಜರಿ

ಜುಲೈ 4, ಸೋಮವಾರ

ಪ್ರಾಂಶುಪಾಲರ ಸುತ್ತೋಲೆ ಬಂದಿದೆ. ಇನ್ನು ಮುಂದೆ ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ತರಗತಿಗೆ ಫೋನಿನಲ್ಲಿ ಒಂದು ಗ್ರೂಪು ಮಾಡಿ ಅದರಲ್ಲೂ ಪಾಠ ನಡೆಸಬೇಕಂತೆ. ವಿದ್ಯಾರ್ಥಿಗಳು ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗಬೇಕಂತೆ. ಇಪ್ಪತ್ತೊಂಬತ್ತು ವರ್ಷದಿಂದ ಅವರೇ ನಾನಿದ್ದಲ್ಲಿಗೆ ಬರುತ್ತಿದ್ದಾರೆ. ಒಂಬತ್ತೂವರೆಗೆ ಒಂದು ನಿಮಿಷ ತಡವಾದರೆ ಬಾಗಿಲ ಹೊರಗೆ ನಿಲ್ಲುತ್ತಾರೆ. ಈ ಏರ್ಪಾಟಿನಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಕನಿಷ್ಠ ನನಗಂತೂ ಆಗಿರಲಿಲ್ಲ.

ನಾನು ಕಲಿಸುವುದು ಭೂವಿಜ್ಞಾನ. ಕಲ್ಲನ್ನು ಕೈಯಲ್ಲಿ ಹಿಡಿಯಬೇಕು, ತೂಗಿ ನೋಡಬೇಕು, ಒಡೆದ ಮುಖವನ್ನು ಭೂತಗನ್ನಡಿಯಲ್ಲಿ ದಿಟ್ಟಿಸಬೇಕು. ಫೋನಿನಲ್ಲಿ ಕಲ್ಲು ಕಲಿಸುವುದೆಂದರೆ ಕಾಗದ ಬರೆದು ಈಜು ಕಲಿಸಿದ ಹಾಗೆ.

ಎರಡನೇ ವರ್ಷದವರು ಈ ಸಲ ಅರವತ್ತನಾಲ್ಕು ಜನ. ಹೆಸರು ನೆನಪಿಟ್ಟುಕೊಳ್ಳುವ ಗೋಜಿಗೆ ನಾನು ಹೋಗುವವಳಲ್ಲ, ನಂಬರು ಸಾಕು. ಮೊದಲ ದಿನವೇ ಹೇಳಿದ್ದೇನೆ: "ನನಗೆ ಕಾರಣ ಬೇಡ, ಹಾಜರಿ ಬೇಕು. ಮುಕ್ಕಾಲು ಪಾಲು ಹಾಜರಿ ಇಲ್ಲದವರು ಪರೀಕ್ಷೆಗೆ ಕೂರೋ ಹಾಗಿಲ್ಲ. ಆಮೇಲೆ ಅಳ್ಕೊಂಡು ಬರಬೇಡಿ." ಇದುವರೆಗೆ ಒಬ್ಬರಿಗೂ ವಿನಾಯಿತಿ ಬರೆದುಕೊಟ್ಟಿಲ್ಲ. ಮುಂದೆಯೂ ಕೊಡುವುದಿಲ್ಲ.

ಜುಲೈ 6, ಬುಧವಾರ

ಗ್ರೂಪು ಮಾಡಿಕೊಟ್ಟದ್ದು ಅತ್ತೆ. ವಯಸ್ಸು ಎಂಬತ್ತೊಂದು. ಮೊಣಕಾಲು ಆಪರೇಷನ್ ಆಗಿ ಮಲಗಿದ್ದಾಗ ಹಿಡಿದ ಫೋನನ್ನು ಇನ್ನೂ ಕೆಳಗಿಟ್ಟಿಲ್ಲ. ಅವರ ಸ್ಕೂಲಿನ ಗೆಳತಿಯರದ್ದೇ ಒಂದು ಗ್ರೂಪಿದೆ, ಅದಕ್ಕೆ ಇವರೇ ಯಜಮಾನಿ.

"ನಂಬರು ಒಂದೊಂದೇ ಓದು, ಹಾಕ್ತೀನಿ. ಹಾಗೆ ಕುಟ್ಟಬೇಡ ಕಣೇ, ಅದು ನಿನ್ನ ಕಲ್ಲಲ್ಲ, ಗಾಜು."

ಮದುವೆಯಾಗಿ ಬಂದಾಗ ನನಗೆ ಗ್ಯಾಸ್ ಒಲೆ ಹಚ್ಚಲು ಹೇಳಿಕೊಟ್ಟದ್ದೂ ಇದೇ ದನಿಯಲ್ಲಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ.

ಜುಲೈ 11, ಸೋಮವಾರ

ಒಂದು ಉಪಾಯ ಹೊಳೆದಿದೆ. ಅರವತ್ತನಾಲ್ಕು ನಂಬರು ಕೂಗುವಷ್ಟರಲ್ಲಿ ಹತ್ತು ನಿಮಿಷ ಹಾಳಾಗುತ್ತದೆ. ಇಂದಿನಿಂದ ಒಂಬತ್ತೂಕಾಲಿಗೆ ಗ್ರೂಪಿನಲ್ಲಿ ಹಾಜರಿ. ಅವರವರ ನಂಬರು ಹಾಕಿ ಮುಂದೆ "ಹಾಜರ್" ಎಂದು ಬರೆಯಬೇಕು. ಸಂಜೆ ನಾನು ಅದನ್ನು ನೋಡಿಕೊಂಡು ರೆಜಿಸ್ಟರಿಗೆ ಇಳಿಸುತ್ತೇನೆ. ಪಾಠದ ಸಾರಾಂಶ, ಕಲ್ಲಿನ ಫೋಟೊ, ನನ್ನ ದನಿಯಲ್ಲಿ ಒಂದೆರಡು ಮಾತು ಕೂಡ ಸಂಜೆಯೇ ಗ್ರೂಪಿಗೆ. ಅಧ್ಯಾಪಕರ ಸಭೆಯಲ್ಲಿ ಪ್ರಾಂಶುಪಾಲರು ನನ್ನನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ನಾನು ಮುಖ ಗಂಟಿಕ್ಕಿಕೊಂಡೇ ಇದ್ದೆ, ಒಳಗೆ ಖುಷಿಯಾಯಿತು.

ಜುಲೈ 14, ಗುರುವಾರ

ಹೊಸ ಅಭ್ಯಾಸ ಕೊಟ್ಟಿದ್ದೇನೆ, ದಿನಕ್ಕೊಂದು ಕಲ್ಲು. ಕಣ್ಣಿಗೆ ಬಿದ್ದ ಯಾವುದಾದರೂ ಕಲ್ಲಿನ ಫೋಟೊ ತೆಗೆದು, ಅದು ಏನು, ಹೇಗೆ ಗೊತ್ತಾಯಿತು ಎಂದು ಮೂರು ಸಾಲು ಬರೆಯಬೇಕು. ಏಳನೆಯ ನಂಬರಿನವನು ಸಿಮೆಂಟು ಇಟ್ಟಿಗೆ ಹಾಕಿ "ಅಪರೂಪದ ಶಿಲೆ" ಎಂದು ಬರೆದಿದ್ದಾನೆ. ಇಪ್ಪತ್ತಮೂರನೆಯ ನಂಬರು ಮಾತ್ರ ಚೆನ್ನಾಗಿ ಬರೆದಿದೆ. ನೆಲಕ್ಕೆ ಹಾಸಿದ ಗುಲಾಬಿ ಗ್ರಾನೈಟು. ಹರಳುಗಳ ಗಾತ್ರ ಬೆರಳಿನ ಪಕ್ಕ ಇಟ್ಟು ತೋರಿಸಿ, ಇದು ನಿಧಾನವಾಗಿ ತಣಿದದ್ದು ಎಂದು ತಾನೇ ತೀರ್ಮಾನಿಸಿದೆ. ಭೇಷ್ ಎಂದು ಬರೆಯೋಣವೆನಿಸಿತು. ತಲೆಗೇರೀತು ಎಂದು "ಸರಿ" ಅಂತಷ್ಟೇ ಬರೆದೆ.

ಜುಲೈ 22, ಶುಕ್ರವಾರ

ಏಳನೆಯವನು ಇವತ್ತು ಸಿಕ್ಕಿಬಿದ್ದ. ನಾನಿಲ್ಲದ ಇನ್ನೊಂದು ಗ್ರೂಪು ಇವರಿಗಿದೆಯಂತೆ. ಅಲ್ಲಿಗೆ ಹಾಕಬೇಕಾದ್ದನ್ನು ಇಲ್ಲಿ ಹಾಕಿಬಿಟ್ಟಿದ್ದಾನೆ: "ಕರಿಕಲ್ಲಿಗೆ ಇವತ್ತು ಮೂಡ್ ಸರಿಯಿಲ್ಲ, ಹುಷಾರು." ಕರಿಕಲ್ಲು ಎಂದರೆ ನಾನು. ಅತ್ತೆ ಪಕ್ಕದಲ್ಲೇ ಕುಳಿತು ಓದಿ ನಗುತ್ತಿದ್ದರು.

ನಾನು ಉತ್ತರ ಬರೆದೆ: "ಕರಿಕಲ್ಲು ಎನ್ನುವುದು ಶಾಸ್ತ್ರೀಯ ಹೆಸರಲ್ಲ. ಬಸಾಲ್ಟೋ ಡಾಲರೈಟೋ ನಾಳೆ ನಿಂತು ವಿವರಿಸತಕ್ಕದ್ದು."

ಅರವತ್ತು ಜನ ನಗುವ ಗೊಂಬೆ ಹಾಕಿದರು. ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಒಂದು ತರಗತಿ ಪೂರ್ತಿ ನಕ್ಕದ್ದು ಇದೇ ಮೊದಲಿರಬೇಕು.

ಆಗಸ್ಟ್ 3, ಬುಧವಾರ

ಬೇಲಿಯೇ ಎದ್ದು ಹೊಲ ಮೇಯ್ದಿದೆ, ಆ ಬೇಲಿ ನಾನೇ.

ಇವತ್ತು ಕಲ್ಲಿನ ಪೆಟ್ಟಿಗೆ ಹಂಚುವಾಗ ಆರು ಪೆಟ್ಟಿಗೆ ಉಳಿಯಿತು. ಗ್ರೂಪಿನಲ್ಲಿ ಅರವತ್ತನಾಲ್ಕು ಹಾಜರ್. ತಲೆ ಎಣಿಸಿದೆ, ಐವತ್ತೆಂಟು. ಐದು ಜನ ಹಾಸಿಗೆಯಲ್ಲೇ ಮಲಗಿ ಹಾಜರಾಗಿದ್ದರು, ಅದೂ ಇದೊಂದೇ ದಿನವಲ್ಲ. ಆರನೆಯದು ಇಪ್ಪತ್ತಮೂರು. ಹಿಂದಿನ ಬೆಂಚಿನ ಹುಡುಗಿಯರನ್ನು ಕೇಳಿದೆ. ಅವಳು ಮೂರು ವಾರದಿಂದ ಕಾಲೇಜಿಗೇ ಬಂದಿಲ್ಲವಂತೆ. ನಾನು ಪ್ರತಿದಿನ ಅವಳನ್ನು ಹಾಜರು ಎಂದು ಬರೆದಿದ್ದೇನೆ. ಕಿಟಕಿಯ ಪಕ್ಕ ಕೂರುವ ಕನ್ನಡಕದವಳೇ ಇಪ್ಪತ್ತಮೂರು ಎಂದುಕೊಂಡಿದ್ದೆ. ಅವಳು ನಲವತ್ತೊಂದಂತೆ.

ಸುಳ್ಳು ಹಾಜರಿ ಬರೆದ ಅಧ್ಯಾಪಕಿ ನಾನು.

ಆಗಸ್ಟ್ 4, ಗುರುವಾರ

ಆರೂ ಜನರ ಸುಳ್ಳು ಹಾಜರಿಯನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, ತಪ್ಪು ನನ್ನದೆಂದು ಸಹಿ ಮಾಡಿ ಕಚೇರಿಗೆ ಕಳಿಸಿದೆ. ಉಳಿದ ಐವರು ಹೇಗೋ ಬಚಾವಾಗುತ್ತಾರೆ. ಇಪ್ಪತ್ತಮೂರು ಪರೀಕ್ಷೆಗೆ ಕೂರುವ ಹಾಗಿಲ್ಲ, ವರ್ಷ ಹೋಯಿತು. ಇಂದಿನಿಂದ ಮತ್ತೆ ಬಾಯಲ್ಲೇ ಹಾಜರಿ.

ಆಗಸ್ಟ್ 9, ಮಂಗಳವಾರ

ಇಪ್ಪತ್ತಮೂರು ಈಗಲೂ ದಿನಕ್ಕೊಂದು ಕಲ್ಲು ಹಾಕುತ್ತಿದೆ. ನಾಚಿಕೆ ಬೇಡವೆ.

ಆಗಸ್ಟ್ 10, ಬುಧವಾರ

ಸಂಜೆ ಅವಳ ಫೋಟೊಗಳನ್ನು ಅತ್ತೆಗೆ ತೋರಿಸಿ ಬೈಯುತ್ತಿದ್ದೆ. "ನೋಡಿ ಅತ್ತೆ, ಇಷ್ಟು ಬುದ್ಧಿಯಿದೆ, ಕ್ಲಾಸಿಗೆ ಬರೋಕೆ ಮಾತ್ರ ಸೋಮಾರಿತನ. ಅದೇ ಗುಲಾಬಿ ನೆಲ, ಅದೇ ಬಿಳಿ ಅಮೃತಶಿಲೆಯ ಕಟ್ಟೆ, ಹೊರಗೆ ಹೋಗಿ ಒಂದು ಬೇರೆ ಕಲ್ಲು ಹುಡುಕೋಕೂ ಆಗಿಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು.

"ಕಲ್ಲು ಬಿಡೇ. ಮೂಲೆಯಲ್ಲಿ ಈ ಚಕ್ರ ನೋಡು. ಇದು ಡ್ರಿಪ್ ನೇತುಹಾಕೋ ಕಂಬದ್ದು. ನಾನು ಹದಿನೈದು ದಿನ ಮಲಗಿ ಇದನ್ನೇ ನೋಡಿದ್ದೀನಿ. ಇದರಲ್ಲಿ ಮಂಚದ ಕಾಲು, ಇದರಲ್ಲಿ ಹಳದಿ ಬಕೆಟ್ಟು. ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ ಕಣೇ."

ಇಪ್ಪತ್ತೇಳು ಫೋಟೊ. ಎಲ್ಲವನ್ನೂ ನಾನು ತಿದ್ದಿದ್ದೇನೆ. ಒಂದರಲ್ಲೂ ಚಕ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವಳಿಗೆ ಫೋನು ಮಾಡಿದೆ. ಮೇಡಂ ಎಂದವಳು ಅಳುತ್ತಲೇ ಆಸ್ಪತ್ರೆಯ ಹೆಸರು ಹೇಳಿದಳು. ನಾಳೆ ಹೋಗುತ್ತೇನೆ.

ಆಗಸ್ಟ್ 11, ಗುರುವಾರ

ಊರಿನ ಇನ್ನೊಂದು ತುದಿಯ ಆಸ್ಪತ್ರೆ, ಎರಡು ಬಸ್ಸು ಬದಲಿಸಬೇಕು. ಅವಳ ತಾಯಿಗೆ ಎರಡೂ ಕಡೆ ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿ, ಸೋಂಕಾಗಿ, ಜುಲೈ ಹನ್ನೆರಡರಂದು ಸೇರಿಸಿದ್ದಾರೆ. ಇವರ ಊರು ಬಸ್ಸಿನಲ್ಲಿ ಮೂರು ಗಂಟೆ ದೂರ. ತಂದೆ ಇಲ್ಲ, ಒಡಹುಟ್ಟಿದವರಿಲ್ಲ. ವಾರ್ಡಿನಲ್ಲಿ ಉಳಿಯಲು ಮನೆಯವರಲ್ಲಿ ಒಬ್ಬರಿಗೆ ಮಾತ್ರ ಅವಕಾಶ, ಆ ಒಬ್ಬರು ಇವಳೇ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

"ಕಾರಣ ಹೇಳಬೇಡಿ ಅಂದಿದ್ರಲ್ಲ ಮೇಡಂ."

"ಮತ್ತೆ ಇಲ್ಲಿ ಕೂತು ಹಾಜರ್ ಅಂತ ಹಾಕ್ತಿದ್ದೆಯಲ್ಲ, ಅದು ತಪ್ಪಲ್ವಾ?"

ಅವಳು ನಿಜಕ್ಕೂ ಯೋಚಿಸಿದಳು. "ನೀವು ಗ್ರೂಪಲ್ಲಿ ಕರೆದ್ರಿ. ನಾನು ಗ್ರೂಪಲ್ಲಿ ಇದ್ದೆ. ದಿನಾ ನಿಮ್ಮ ವಾಯ್ಸ್ ಮೆಸೇಜು ಅಮ್ಮಂಗೂ ಕೇಳಿಸ್ತಿದ್ದೆ. ಅದೇ ಕ್ಲಾಸು ಅಂದ್ಕೊಂಡೆ."

ಅವಳ ತಾಯಿ ಮಲಗಿದ್ದಲ್ಲಿಂದಲೇ ಕೈ ಮುಗಿದರು. "ನೀವೇನಾ ಅದು? ದನಿ ಕೇಳಿ ಇನ್ನೂ ದಪ್ಪ ಇರ್ತೀರ ಅಂದ್ಕೊಂಡಿದ್ದೆ."

ಈ ತಾಯಿ ಮನೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಾರೆ. ಓದಿದ್ದು ಆರನೇ ತರಗತಿವರೆಗೆ. ತಲೆದಿಂಬಿನ ಕೆಳಗಿನಿಂದ ಒಂದು ಸಣ್ಣ ಸೀಸೆ ತೆಗೆದು, "ನಂದೂ ಒಂದು ಕಲ್ಲಿದೆ, ಡಾಕ್ಟರು ತೆಗೆದುಕೊಟ್ರು. ಇದರ ಜಾತಿ ಯಾವುದು ಹೇಳ್ತೀರಾ?" ಎಂದರು. ಚೀಲದಲ್ಲಿದ್ದ ಭೂತಗನ್ನಡಿ ತೆಗೆದು ನೋಡಿದೆ. ಇಂಥದೇ ಖನಿಜ ಬಂಡೆಗಳ ಬಿರುಕಿನಲ್ಲೂ ಹುಟ್ಟುತ್ತದೆ, ವ್ಹೀವೆಲೈಟ್ ಎಂದು ಹೆಸರು ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಪಕ್ಕದ ಮಂಚದವರನ್ನು ಕರೆದು ನನ್ನ ಕಲ್ಲಿಗೆ ಹೆಸರಿದೆ ಎಂದು ಹೇಳಿದರು.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಕೆಂಪು ಮಸಿ ನೆನಪಾಗಿ ನಾಚಿಕೆಯಾಯಿತು.

ಆಗಸ್ಟ್ 12, ಶುಕ್ರವಾರ

ಪ್ರಾಂಶುಪಾಲರ ಮುಂದೆ ಕುಳಿತು ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ವಿನಾಯಿತಿ ಕೇಳಿದೆ.

"ಮೇಡಂ, ಹೋದ ವಾರ ನೀವೇ ಹೊಡೆದುಹಾಕಿ ಕಳಿಸಿದ್ದೀರಿ. ಈಗ ನೀವೇ ಬೇಡ ಅಂತೀರಿ."

"ಅವಳು ಪಾಠ ಕೇಳಿದ್ದಾಳೆ ಸಾರ್. ಗ್ರೂಪು ಕೂಡ ತರಗತಿಯೇ ಅಂತ ನಿಮ್ಮ ಸುತ್ತೋಲೆಯಲ್ಲೇ ಇದೆಯಲ್ಲ."

"ಸುತ್ತೋಲೆ ಬೇರೆ, ನಿಯಮ ಬೇರೆ."

ನಿಯಮ ಹೀಗಿದೆ. ಮನೆಯಲ್ಲಿ ಕಾಯಿಲೆಯಿದ್ದರೆ ಹನ್ನೆರಡು ತರಗತಿಯವರೆಗೆ ಬದಲಿ ತರಗತಿ ನಡೆಸಬಹುದು. ಒಂದೊಂದೂ ಪೂರ್ತಿ ಒಂದು ಗಂಟೆ, ಅಧ್ಯಾಪಕರೂ ವಿದ್ಯಾರ್ಥಿಯೂ ಒಂದೇ ಜಾಗದಲ್ಲಿ ಇರಬೇಕು, ಪ್ರತಿ ಸಲ ಮೂರನೆಯವರೊಬ್ಬರ ಸಹಿ ಬೇಕು. ಲೆಕ್ಕ ಹಾಕಿದೆವು. ಹುಡುಗಿಗೆ ಕಡಿಮೆ ಬೀಳುವುದು ಸರಿಯಾಗಿ ಹನ್ನೆರಡು. ಪರೀಕ್ಷೆಯ ಪಟ್ಟಿ ಇಪ್ಪತ್ತೊಂಬತ್ತಕ್ಕೆ ಮುಚ್ಚುತ್ತದೆ. ಒಂದು ತಪ್ಪಿದರೂ ಹನ್ನೊಂದೂ ನೀರಿನಲ್ಲಿ ಹೋಮ.

"ಒಂದು ಸಲ ಸುಳ್ಳು ಹಾಜರಿ ಆಗಿದೆ. ಈ ಸಲ ನಾನೇ ಪರೀಕ್ಷಿಸ್ತೀನಿ" ಎಂದರು. ಅನ್ನಿಸಿಕೊಳ್ಳುವ ಕೆಲಸ ಮಾಡಿದ್ದೆ, ಅನ್ನಿಸಿಕೊಂಡೆ.

ಆಗಸ್ಟ್ 16, ಮಂಗಳವಾರ

ಮೊದಲನೆಯ ತರಗತಿ. ರೋಗಿಗಳನ್ನು ನೋಡಲು ಬಿಡುವ ಸಮಯ ನಾಲ್ಕರಿಂದ ಆರು. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಹೊದಿಕೆಯ ಮೇಲೆ ಕಲ್ಲು ಹರಡಿದೆ. ನರ್ಸಮ್ಮ ಬಂದು ಕಲ್ಲು ತೊಳೆದಿದ್ದೀರಾ ಎಂದು ಕೇಳಿದರು. ನಾಳೆ ಸೋಪು ಹಾಕಿ ತೊಳೆದು ತರುತ್ತೇನೆ. ಮೂರನೆಯವರಾಗಿ ಸಹಿ ಹಾಕಿದ್ದು ತಾಯಿ.

ಆಗಸ್ಟ್ 18, ಗುರುವಾರ

ಮೂರು ಮುಗಿಯಿತು. ಹುಡುಗಿ ಮೊದಲ ದಿನದಿಂದಲೇ ನೀರಿನ ಬಾಟಲಿಗೆ ಫೋನು ಒರಗಿಸಿ ಪಾಠವನ್ನು ಗ್ರೂಪಿಗೆ ಲೈವ್ ಬಿಟ್ಟಿದ್ದಳು, ನನಗೆ ಗೊತ್ತೇ ಇರಲಿಲ್ಲ. ನಲವತ್ತು ಜನ ಕೂತು ನೋಡಿದ್ದಾರೆ. ಏಳನೆಯವನು ಸಂದೇಹ ಕೇಳಿದ. ತರಗತಿಯಲ್ಲಿ ಎದುರಿಗಿದ್ದಾಗ ಒಂದು ದಿನವೂ ಕೇಳಿದವನಲ್ಲ. ಒಳ್ಳೆಯ ಸಂದೇಹವೇ ಆಗಿತ್ತು. ಕೇಳುವ ಮುಂಚೆ ಅಪ್ಪನ ಅಂಗಡಿಯ ಶಟರು ಎಳೆದು ಬಂದ, ಗಲಾಟೆ ಕೇಳಿಸದಿರಲಿ ಎಂದು. ಸಂಜೆಯೆಲ್ಲ ಅಂಗಡಿಯಲ್ಲಿ ನಿಂತೇ ಓದುತ್ತಾನಂತೆ.

ಆಗಸ್ಟ್ 23, ಮಂಗಳವಾರ

ಏಳು ತರಗತಿ ಮುಗಿಯಿತು. ಹುಡುಗಿ ಬರೆಯುವಾಗ ನಾಲಿಗೆಯ ತುದಿ ಹೊರಗಿಡುತ್ತಾಳೆ. ನನ್ನ ತಂಗಿಯೂ ಚಿಕ್ಕವಳಿದ್ದಾಗ ಹೀಗೇ.

ಬೆಳಿಗ್ಗೆ ಕಾಲೇಜಿಗೆ ಏಳನೆಯ ನಂಬರಿನವನು ಮೂರು ನಿಮಿಷ ತಡ. ಬಾಗಿಲ ಹತ್ತಿರ ಗಾಳಿ ಜಾಸ್ತಿಯಿತ್ತು, ಒಳಗೆ ಕರೆದೆ. ನಾನು ಮೆತ್ತಗಾಗಿದ್ದೇನೆ ಎಂದು ಅತ್ತೆ ಹೇಳುತ್ತಾರೆ. ಹಾಗೇನೂ ಇಲ್ಲ, ಗಾಳಿ ನಿಜವಾಗಿಯೂ ಜಾಸ್ತಿಯಿತ್ತು.

ಆಗಸ್ಟ್ 25, ಗುರುವಾರ

ಒಂಬತ್ತು. ಸಹಿ ಹಾಕುವ ಮುಂಚೆ ತಾಯಿ, "ಇವತ್ತಿಂದು ನಂಗೆ ಅರ್ಥ ಆಗಿಲ್ಲ, ಅರ್ಥ ಆಗ್ದೆ ಹೇಗೆ ಸಹಿ ಹಾಕಲಿ?" ಎಂದರು. ಪಾಠ ಮುಗಿಸಿದ್ದವಳು ಮತ್ತೆ ಮೊದಲಿನಿಂದ ಹೇಳಿದೆ. ಮನೆಗೆ ತಡವಾಗಿ ಬಂದೆ, ಅಡುಗೆ ನಮ್ಮ ಯಜಮಾನರೇ ಮಾಡಿ ಮುಗಿಸಿದ್ದರು. ಉಪ್ಪು ಹಾಕಿರಲಿಲ್ಲ. ಉಪ್ಪಿನಕಾಯಿ ಕಲಸಿಕೊಂಡು ಉಂಡೆ.

ಆಗಸ್ಟ್ 27, ಶನಿವಾರ

ಹನ್ನೊಂದು. ನರ್ಸಮ್ಮನನ್ನು ಒಪ್ಪಿಸಿ ಸೋಮವಾರ ಬೆಳಿಗ್ಗೆಯೇ ಹೋಗಿ ಹನ್ನೆರಡನೆಯದು ಮುಗಿಸಿ, ನೇರವಾಗಿ ಪಟ್ಟಿ ಕೊಡುವುದೆಂದು ಮಾತಾಗಿತ್ತು. ಈಗ ಹುಡುಗಿ ಫೋನು ಮಾಡಿದಳು. ತಾಯಿಗೆ ವಾಸಿಯಾಗಿದೆ, ನಾಳೆ ಬೆಳಿಗ್ಗೆಯೇ ಮಂಚ ಬಿಟ್ಟುಕೊಡಬೇಕಂತೆ. ಒಂಬತ್ತರ ಬಸ್ಸಿಗೆ ಊರಿಗೆ ಹೊರಡುತ್ತಾರೆ. ಅಮ್ಮನೊಬ್ಬರನ್ನೇ ಕಳಿಸಲು ಇವಳಿಗೆ ಆಗುವುದಿಲ್ಲ.

"ಹೋಗ್ಲಿ ಬಿಡಿ ಮೇಡಂ. ಅಮ್ಮ ಹುಷಾರಾದ್ರಲ್ಲ, ಅಷ್ಟು ಸಾಕು. ಮುಂದಿನ ವರ್ಷ ಬರೀತೀನಿ" ಎಂದಳು, ನನ್ನನ್ನೇ ಸಮಾಧಾನ ಮಾಡುವವಳ ಹಾಗೆ.

ಮುಂದಿನ ವರ್ಷ ಇವಳು ಬರುವುದಿಲ್ಲ. ಒಂದು ವರ್ಷ ಊರಲ್ಲಿ ಕೂತು ಅಮ್ಮನ ಹೊಲಿಗೆಗೆ ಕೈಹಾಕಿದವಳು ಮತ್ತೆ ಬರುವುದುಂಟೆ. ಇಂಥ ಎಷ್ಟು ಜನರನ್ನು ನಂಬರು ಹೊಡೆದು ಕಳಿಸಿದ್ದೇನೋ, ಈಗ ಯೋಚಿಸಲು ಭಯವಾಗುತ್ತದೆ.

ಅತ್ತೆಗೆ ಹೇಳಿದೆ. ಅವರು ಫೋನಿನಲ್ಲಿ ಏನೋ ಒತ್ತುತ್ತಾ, "ಒಂಬತ್ತರ ಬಸ್ಸಲ್ಲಿ ಇನ್ನೂ ಸೀಟಿದೆ. ನಿಂಗೂ ಒಂದು ಬುಕ್ ಮಾಡ್ಲಾ?" ಎಂದರು.

ಆಗಸ್ಟ್ 28, ಭಾನುವಾರ

ಆರು ಗಂಟೆ ಬಸ್ಸಿನಲ್ಲಿ ಕುಲುಕಿ ಬಂದಿದ್ದೇನೆ, ಅಕ್ಷರ ಸೊಟ್ಟಗಿವೆ.

ಮೂವರ ಸೀಟು. ಕಿಟಕಿಗೆ ಹುಡುಗಿ, ನಡುವೆ ನಾನು, ಈಚೆಗೆ ತಾಯಿ. ಅವರು ನನ್ನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ಊರು ದಾಟಿದ ಮೇಲೆ ರಸ್ತೆಗಾಗಿ ಗುಡ್ಡ ಕಡಿದಿದ್ದಾರೆ. ಎರಡೂ ಕಡೆ ಬಂಡೆಯ ಹೊಟ್ಟೆ ತೆರೆದು ನಿಂತಿದೆ. ಇಪ್ಪತ್ತೊಂಬತ್ತು ವರ್ಷ ಪೆಟ್ಟಿಗೆಯ ಕಲ್ಲು ತೋರಿಸಿದವಳಿಗೆ ಇದಕ್ಕಿಂತ ದೊಡ್ಡ ಕಪ್ಪುಹಲಗೆ ಸಿಕ್ಕಿರಲಿಲ್ಲ. ಕಪ್ಪು ಬಿಳಿ ಪಟ್ಟೆಯ ನೈಸ್ ಶಿಲೆ, ಅದನ್ನು ಅಡ್ಡಕ್ಕೆ ಸೀಳಿ ಗೋಡೆಯಂತೆ ನಿಂತ ಕರಿಯ ಶಿಲೆ, ಡೈಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳುತ್ತಾ, ತಿದ್ದುತ್ತಾ, ಕಿಟಕಿಯಿಂದ ಕೈ ಹೊರಗೆ ಹಾಕಿ ಕಂಡಕ್ಟರಿಂದ ಬೈಸಿಕೊಂಡು ಪೂರ್ತಿ ಒಂದು ಗಂಟೆ ಪಾಠ ಮಾಡಿದೆ. ಗ್ರೂಪಿನವರು ಇಪ್ಪತ್ತು ನಿಮಿಷ ಜೊತೆಗಿದ್ದರು. ಆಮೇಲೆ ಸಿಗ್ನಲ್ ಹೋಯಿತು.

ಅವರ ಮನೆಯ ಬಾಗಿಲಲ್ಲಿ ತಾಯಿ ಹನ್ನೆರಡನೆಯ ಸಹಿ ಹಾಕಿದರು. ಹುಡುಗಿ ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.

ಆಗಸ್ಟ್ 29, ಸೋಮವಾರ

ಪ್ರಾಂಶುಪಾಲರು ಹನ್ನೊಂದನ್ನು ಒಪ್ಪಿದರು. ಅವಕ್ಕೆ ಗ್ರೂಪಿನಲ್ಲಿ ವಿಡಿಯೊ ಇತ್ತು. ಹನ್ನೆರಡನೆಯದಕ್ಕೆ ಇಪ್ಪತ್ತು ನಿಮಿಷವಷ್ಟೇ.

"ಉಳಿದ ನಲವತ್ತು ನಿಮಿಷ ಪಾಠ ಆಯ್ತು ಅನ್ನೋದಕ್ಕೆ ಏನು ಆಧಾರ ಮೇಡಂ? ಸಹಿ ಹಾಕಿದೋರು ಹುಡುಗಿಯ ತಾಯಿ. ತಾಯಿ ಹಾಕದೆ ಇರ್ತಾರಾ?"

ಒಮ್ಮೆ ಸುಳ್ಳು ಬರೆದವಳ ಮಾತಿಗೆ ಬೆಲೆ ಎಷ್ಟು ಎಂದು ನನಗೂ ಗೊತ್ತು. ಆ ತಾಯಿಯನ್ನೇ ಕೇಳಿ ನೋಡಿ ಎಂದೆ. ಅವರು ತಾವೇ ನಂಬರು ಒತ್ತಿ, ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಹಾಕಿದರು.

"ವಿಡಿಯೊದಲ್ಲಿ ನೋಡ್ದೆ, ನಿನ್ನೆ ಬಸ್ಸಲ್ಲಿ ನೀವು ಮಲಗಿದ್ರಲ್ಲ ಅಮ್ಮ?"

"ಕಣ್ಣು ಮುಚ್ಚಿದ್ದೆ ಸಾರ್. ಕಿವಿ ಮುಚ್ಚಿರ್ಲಿಲ್ಲ."

"ಸಿಗ್ನಲ್ ಹೋದ ಮೇಲೆ ಏನು ಪಾಠ ಆಯ್ತು, ಒಂದು ಸ್ವಲ್ಪ ಹೇಳಿ ನೋಡೋಣ."

"ಪಟ್ಟೆ ಕಲ್ಲು ಬಂತಲ್ಲ ಸಾರ್, ಅದು ಮೊದಲು ಗ್ರಾನೈಟಾಗಿತ್ತಂತೆ. ಭೂಮಿ ಒಳಗೆ ಒತ್ತಡ ಬಿದ್ದು, ಕಾವು ಏರಿ, ಕರೀದು ಬೇರೆ ಬಿಳೀದು ಬೇರೆ ಆಗಿ ಪಟ್ಟೆ ಬಂತು. ಕರಗಿಲ್ಲ ನೋಡಿ, ಅದು ಮುಖ್ಯ. ಕರಗಿದ್ರೆ ಪಟ್ಟೆ ಎಲ್ಲಿರ್ತಿತ್ತು? ಆಮೇಲೆ ಅದನ್ನ ಸೀಳ್ಕೊಂಡು ಕರಿ ಕಲ್ಲು ಬಂದಿದೆ. ಸೀಳಿದ್ದು ವಯಸ್ಸಲ್ಲಿ ಚಿಕ್ಕದು, ಸೀಳಿಸ್ಕೊಂಡಿದ್ದು ದೊಡ್ಡದು. ನನ್ನ ಮಗಳು ಇದನ್ನ ಉಲ್ಟಾ ಹೇಳಿದ್ಲು, ಮೇಡಂ ತಿದ್ದಿದ್ರು. ಬಟ್ಟೆ ಮೇಲೆ ಹೊಲಿಗೆ ಇದ್ದ ಹಾಗೆ ಸಾರ್. ಬಟ್ಟೆ ಮೊದಲು ತಾನೆ? ಅಂಚಲ್ಲಿ ಹರಳು ಯಾಕೆ ಸಣ್ಣದು ಗೊತ್ತಾ ನಿಮಗೆ?"

"ಇಲ್ಲಮ್ಮ" ಎಂದರು ಪ್ರಾಂಶುಪಾಲರು. ಅವರದು ವಾಣಿಜ್ಯಶಾಸ್ತ್ರ.

"ಬಿಸಿ ಕಲ್ಲು ತಣ್ಣನೆ ಕಲ್ಲಿಗೆ ತಾಗಿ ಬೇಗ ಆರ್ತಲ್ಲ, ಹರಳಿಗೆ ಬೆಳೆಯೋಕೆ ಟೈಮ್ ಎಲ್ಲಿತ್ತು? ನಡುವೆ ನಿಧಾನ ಆರ್ತು, ಅಲ್ಲಿ ದಪ್ಪ. ಇನ್ನೂ ಇದೆ ಸಾರ್, ಹೇಳ್ತೀನಿ, ಇರಿ, ನೀರು ಕುಡೀತೀನಿ."

ಹತ್ತು ನಿಮಿಷ ಹೇಳಿದರು. ಪ್ರಾಂಶುಪಾಲರು ಎರಡು ಸಲ ಸಾಕಮ್ಮ ಎಂದರೂ ಬಿಡಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಇಷ್ಟು ವರ್ಷದಲ್ಲಿ ನನ್ನ ಪಾಠವನ್ನು ಯಾರೂ ಹೀಗೆ ಒಪ್ಪಿಸಿರಲಿಲ್ಲ.

"ಪರೀಕ್ಷೆಗೆ ಕೂರಿಸ್ತೀರ ತಾನೆ ಸಾರ್?" ಎಂದು ಕೊನೆಗೆ ಅವರೇ ಕೇಳಿದರು.

"ನಿಮ್ಮ ಮಗಳನ್ನಾ?"

"ಮತ್ತೆ ನನ್ನನ್ನಾ? ನನ್ನನ್ನ ಕೂರಿಸಿದ್ರೆ ನಾನು ಪಾಸಾಗ್ತೀನಿ, ಅವಳದು ಅವಳು ನೋಡ್ಕೋಬೇಕು."

ಪ್ರಾಂಶುಪಾಲರು ಫೋನು ಇಟ್ಟು, ಪಟ್ಟಿಯನ್ನು ಹತ್ತಿರ ಎಳೆದುಕೊಂಡು ಜೇಬು ತಡವಿದರು. ಅವರಿಗೆ ಪೆನ್ನು ಸಿಗಲಿಲ್ಲ. ನನ್ನದನ್ನು ಕೊಟ್ಟೆ.